ಹಾಕಿ ಆಟಗಾರರು ಕಾಲೇಜು ಬದಲಿಸುವುದೇಕೆ?

ಅಮೆರಿಕದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬ ಪತ್ರ ಬರೆದಿದ್ದಾನೆ. ಅಲ್ಲಿ ಹಾಕಿಯೆಂದರೆ ಮಂಜುಗಡ್ಡೆಯ ಮೇಲಿನ ಆಟ. ಹಿಂದೆ ಕಾಲೇಜು ಬದಲಿಸಿದ ಆಟಗಾರ ಸಾಮಾನ್ಯವಾಗಿ ಒಂದು ವರ್ಷ ಪಂದ್ಯವಾಡದೆ ಕಾಯಬೇಕಿತ್ತು. 2021ರಲ್ಲಿ ಒಂದು ಬಾರಿಯ ಮಟ್ಟಿಗೆ ಆ ನಿರ್ಬಂಧ ಸಡಿಲವಾಯಿತು. 2024ರಿಂದ, ಓದಿನಲ್ಲಿ ನಿಗದಿತ ಮಟ್ಟ ಉಳಿಸಿಕೊಂಡವನು ಎಷ್ಟು ಬಾರಿಯಾದರೂ ಬದಲಿಸಬಹುದು. "ನಮ್ಮಲ್ಲಿಯೂ ಹೀಗಿತ್ತೇ ಸಾರ್?" ಎಂಬುದು ಅವನ ಪ್ರಶ್ನೆ.

ಇತ್ತು; ಆದರೆ ಕಾರಣ ಬೇರೆ. ನಮ್ಮ ಹುಡುಗರನ್ನು ಊರು ಬಿಡಿಸಿದ್ದು ಮೈದಾನ, ಕಾಲೇಜು ಬಿಡಿಸಿದ್ದು ನೌಕರಿ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಹಾಕಿ ನಡೆಯಿತು. ಅದರ ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಅಂದಿನಿಂದ, ಮಣ್ಣಿನ ನೆಲದಲ್ಲಿ ಎಷ್ಟೇ ಚೆನ್ನಾಗಿ ಆಡಿದರೂ ಮೇಲಕ್ಕೇರಬೇಕಾದರೆ ಆ ದುಬಾರಿ ಹುಲ್ಲು ಇರುವಲ್ಲಿಗೆ ಹೋಗುವುದು ಅನಿವಾರ್ಯವಾಯಿತು. ಕೊಡಗಿನ ಮಕ್ಕಳು ಕೂಡಿಗೆಯ ಕ್ರೀಡಾ ಶಾಲೆಗೋ ಮಡಿಕೇರಿ, ಪೊನ್ನಂಪೇಟೆಗಳ ಕ್ರೀಡಾ ನಿಲಯಗಳಿಗೋ ಸೇರಿ, ಅಲ್ಲಿಂದ ಬೆಂಗಳೂರಿಗೆ ಬಂದರು.

ಶತಮಾನ ಬದಲಾಗುವ ಹೊತ್ತಿಗೆ ವಿರಾಜಪೇಟೆ ಕಡೆಯ ಹುಡುಗನೊಬ್ಬ ಬನಶಂಕರಿಯ ದೊಡ್ಡಮ್ಮನ ಮನೆಯಲ್ಲಿದ್ದು ನನ್ನ ತರಗತಿಯಲ್ಲಿ ಓದಿದ. ಸಂಜೆಯಾದೊಡನೆ ಹಾಕಿ ಕೋಲು ಹಿಡಿದು ಶಾಂತಿನಗರದ ಬಸ್ಸು ಹತ್ತಿ ಅಕ್ಕಿತಿಮ್ಮನಹಳ್ಳಿಯ ಮೈದಾನಕ್ಕೆ ಹೊರಡುತ್ತಿದ್ದ. ಬಿ.ಕಾಂ.ಗೆ ಸೇರಿದ ಕಾಲೇಜು ಶುಲ್ಕ ಮಾಫಿ ಮಾಡಿತು. ಮರುವರ್ಷ ಮತ್ತೊಂದು ಕಾಲೇಜು ಊಟ, ವಸತಿಯನ್ನೂ ಕೊಡುತ್ತೇವೆಂದಿತು, ಹೋದ. ಎರಡೂ ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದುದರಿಂದ ವಿಶ್ವವಿದ್ಯಾಲಯದ ತಂಡ ಬದಲಾಗಲಿಲ್ಲ. ಬದಲಾದದ್ದು ತಟ್ಟೆಯ ಅನ್ನ ಮಾತ್ರ. ಇದನ್ನು ನಿಷ್ಠೆಯಿಲ್ಲದ ನಡತೆ ಎಂದು ಅಂದು ಅಧ್ಯಾಪಕರ ಕೊಠಡಿಯಲ್ಲಿ ಟೀಕಿಸಿದವರಿದ್ದರು. ನನಗೆ ಹಾಗೆನಿಸಲಿಲ್ಲ. ಹದಿನೆಂಟರ ಹುಡುಗನ ಹಸಿವಿನೊಡನೆ ನಿಷ್ಠೆಯ ವಾದ ಹೂಡುವುದು ಸಲ್ಲದು.

ಮೂರನೆಯ ವರ್ಷ ಕ್ರೀಡಾ ಕೋಟಾದಲ್ಲಿ ಅವನಿಗೆ ನೌಕರಿ ದೊರೆಯಿತು. ನಿಜವಾದ ತೊಡಕು ಇಲ್ಲಿದೆ: ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಪೂರ್ಣಾವಧಿ ನೌಕರರು ಅರ್ಹರಲ್ಲ, ಕಚೇರಿಯ ಕೆಲಸ, ತಂಡದ ಪ್ರವಾಸಗಳ ನಡುವೆ ತರಗತಿಯ ಹಾಜರಾತಿಯೂ ತುಂಬುವುದಿಲ್ಲ. ಎರಡರಲ್ಲೊಂದನ್ನು ಬಿಡಲೇಬೇಕು. ಅವನು ಕಾಲೇಜನ್ನು ಬಿಟ್ಟ.

ದಾರಿಯೇನೋ ಹಳೆಯದೇ. 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿದ್ದ ಕೊಡಗಿನ ಎಂ.ಪಿ. ಗಣೇಶ್ ಸೈನ್ಯದಲ್ಲಿದ್ದವರು. 1980ರ ಮಾಸ್ಕೋ ಚಿನ್ನದ ತಂಡದ ಎಂ.ಎಂ. ಸೋಮಯ್ಯ ಭಾರತ್ ಪೆಟ್ರೋಲಿಯಂನಲ್ಲಿ ಅಧಿಕಾರಿಯಾದರು, ಸೋಮವಾರಪೇಟೆಯ ಎಸ್.ವಿ. ಸುನಿಲ್ ಕೂಡ ಆ ಸಂಸ್ಥೆಯ ಪರ ಆಡಿದರು. ಬೆಂಗಳೂರಿನಲ್ಲಿ ಎ.ಎಸ್.ಸಿ., ಎಂ.ಇ.ಜಿ. ಸೇನಾ ತಂಡಗಳಲ್ಲದೆ ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳ ತಂಡಗಳೂ ಇದ್ದವು. ತಂದೆತಾಯಿಗಳು ಮಗನ ಗೋಲುಗಳನ್ನು ಎಣಿಸಿದ್ದಕ್ಕಿಂತ ಈ ಬಾಗಿಲುಗಳನ್ನು ಎಣಿಸಿದ್ದೇ ಹೆಚ್ಚು. ಅವುಗಳಲ್ಲಿ ಕೆಲವು ಮುಚ್ಚಿದವು. ಹಾಕಿ ತಾರೆಯರ ಆಶ್ರಯವಾಗಿದ್ದ ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ಏರ್ ಇಂಡಿಯಾದೊಡನೆ ವಿಲೀನವಾಯಿತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಮೂಹದ ಪಾಲಾಯಿತು.

ವರ್ಗಾವಣೆಯ ಮಾತೇ ಬಾರದ ಹಾಕಿಯೂ ನಮ್ಮಲ್ಲುಂಟು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಕ್ಕದ ಹೆಸರೇ ತಂಡದ ಹೆಸರು. ಅಂದು 60 ಕುಟುಂಬಗಳು ಆಡಿದ್ದವು, 2024ರಲ್ಲಿ 360. ನನ್ನ ಆ ಶಿಷ್ಯ ಈಗ ನಲವತ್ತು ದಾಟಿದ್ದಾನೆ. ಪದವಿಯಿಲ್ಲದ್ದರಿಂದ ಕಚೇರಿಯಲ್ಲಿ ಅವನ ಬಡ್ತಿ ನಿಂತಿದೆ. ಕಳೆದ ಸಲ ಭೇಟಿಯಾದಾಗ ಮುಕ್ತ ವಿಶ್ವವಿದ್ಯಾಲಯದ ಅರ್ಜಿ ತುಂಬಿದ್ದೇನೆ ಎಂದ. ಏಪ್ರಿಲ್‌ನಲ್ಲಿ ಒಕ್ಕದ ಪರ ಆಡಲು ರಜೆಯನ್ನೂ ಹಾಕಿದ್ದ.