ಕಡತ ಮತ್ತು ಕಾರ್ಡು

ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿ ಬಿಳಿಚೋಡು ಎಂಬ ಊರಿದೆ. ಹೋಬಳಿಯ ಮುಖ್ಯಸ್ಥಳ. ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಈ ಊರು ೧೯೯೭ರಲ್ಲಿ ದಾವಣಗೆರೆಯೇ ಒಂದು ಜಿಲ್ಲೆಯಾದಾಗ ಜಗಳೂರು ತಾಲ್ಲೂಕಿನೊಡನೆ ಆ ಕಡೆಗೆ ಸರಿಯಿತು. ಬಹುಪಾಲು ಮಳೆಯನ್ನೇ ನೆಚ್ಚಿದ ಬೆದ್ದಲು ಸೀಮೆ. ಇಂಥ ಸೀಮೆಯಲ್ಲಿ ಒಕ್ಕಲಿಗನ ಕೈಗೆ ರೊಕ್ಕ ಬರುವುದು ವರ್ಷಕ್ಕೆ ಒಂದು ಸಲವೋ ಎರಡು ಸಲವೋ. ಉಪ್ಪು, ಎಣ್ಣೆ, ಬೆಲ್ಲ ಬೇಕಾಗುವುದು ಮಾತ್ರ ದಿನವೂ. ಈ ಎರಡರ ನಡುವಣ ಕಂದಕವನ್ನು ತುಂಬುತ್ತ ಬಂದುದು ಅಂಗಡಿಯವನ ಲೆಕ್ಕದ ಪುಸ್ತಕ. "ಲೆಕ್ಕಕ್ಕೆ ಬರ್ಕೊಳ್ರಿ ಸಾವ್ಕಾರ್ರೆ" ಎಂಬ ಒಂದು ಮಾತಿನ ಮೇಲೆ ಈ ಕಡೆಯ ಎಷ್ಟು ಮನೆಗಳ ಒಲೆ ಉರಿದಿದೆಯೋ ಎಣಿಸಿದವರಿಲ್ಲ.

ಅದೇ ಊರಿನ ಹುಡುಗ ಇಂದು ಮೊಬೈಲಿನಲ್ಲಿ ಒಂದು ಜೊತೆ ಪಾದರಕ್ಷೆ ಕೊಳ್ಳಹೊರಟರೆ, ಕಾರ್ಡಿನ ಅಂಕಿಗಳನ್ನು ಒತ್ತಿದ ಕೂಡಲೇ ಒಂದು ಪ್ರಶ್ನೆ ಎದುರಾಗುತ್ತದೆ: ಮುಂದಿನ ಖರೀದಿಗಾಗಿ ಈ ಕಾರ್ಡನ್ನು ಉಳಿಸಿಕೊಳ್ಳಬಹುದೇ? ಇಲ್ಲಿ ಅಂಗಡಿಯವನ ಮುಖ ಕಾಣುವುದಿಲ್ಲ. ಅವನ ಪೇಟವೂ ಇಲ್ಲ, ತಕ್ಕಡಿಯೂ ಇಲ್ಲ. ಆದರೂ ಅವನು ಕೇಳುತ್ತಿರುವುದು ಹಳೆಯ ಸಾಹುಕಾರ ಕೇಳುತ್ತಿದ್ದುದನ್ನೇ: "ನಿನ್ನ ಹೆಸರನ್ನು ನನ್ನ ಪುಸ್ತಕದಲ್ಲಿ ಇಟ್ಟುಕೊಳ್ಳಲೇ?" ಹೂಂ ಎನ್ನುವ ಮೊದಲು ತಿಳಿಯಬೇಕಾದ ಸಂಗತಿಗಳೂ ಹಳೆಯವೇ. ಆ ಪುಸ್ತಕದಲ್ಲಿ ಬರೆಯುವುದು ಏನನ್ನು? ಅದನ್ನು ನೋಡುವ ಅಧಿಕಾರ ಯಾರಿಗೆ? ಬೇಡವೆಂದಾಗ ಅಳಿಸುವವರು ಯಾರು?

ನಮ್ಮ ನಾಡಿನಲ್ಲಿ ಆ ಪುಸ್ತಕಕ್ಕೆ ಬಹುಕಾಲ ಕಡತವೆಂದು ಹೆಸರಿದ್ದಿತು. ಇಂದು ಕಡತವೆಂದರೆ ಕಚೇರಿಯ ಕೆಂಪು ದಾರದ ಕಾಗದದ ಕಂತೆಯೆಂದೇ ಎಲ್ಲರೂ ತಿಳಿಯುತ್ತಾರೆ. ಮೂಲದಲ್ಲಿ ಅದು ಕಾಗದವೇ ಅಲ್ಲ, ಬಟ್ಟೆ. ಹತ್ತಿಯ ಉದ್ದ ಪಟ್ಟಿಯೊಂದಕ್ಕೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡೂ ಮೈಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ತುದಿಗಳಿಗೆ ಮರದ ಹಲಗೆ ಕಟ್ಟಿದರೆ ಕಡತವಾಯಿತು. ಅದರ ಮೇಲೆ ಬರೆಯುವುದು ಬಳಪದಿಂದ. ಮೈಸೂರಿನಲ್ಲಿ ರೆಸಿಡೆಂಟಾಗಿದ್ದ ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲಿ ಇದನ್ನು ಬಹಳ ಆಸಕ್ತಿಯಿಂದ ವರ್ಣಿಸಿದ್ದಾನೆ: ಅಗಲ ಎಂಟು ಅಂಗುಲದಿಂದ ಒಂದಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ. ಅಲೆಗ್ಸಾಂಡರನೊಡನೆ ಬಂದಿದ್ದ ನಿಯಾರ್ಕಸನು ಭಾರತೀಯರು ಒತ್ತಾಗಿ ನೇಯ್ದ ಬಟ್ಟೆಯ ಮೇಲೆ ಬರೆಯುತ್ತಾರೆಂದು ಹೇಳಿದ್ದು ಇದನ್ನೇ ಇರಬಹುದೆಂದು ಅವನ ಊಹೆ. ಆ ಊಹೆ ಸರಿಯೋ ತಪ್ಪೋ, ಶಾನುಭೋಗನಿಂದ ಹಿಡಿದು ಮಠದ ಪಾರುಪತ್ಯಗಾರನವರೆಗೆ, ಅಂಗಡಿಯ ಸೆಟ್ಟಿಯವರೆಗೆ ಎಲ್ಲರ ಲೆಕ್ಕವೂ ಈ ಕರಿ ಬಟ್ಟೆಯ ಮೇಲೆ ಬಿಳಿ ಅಕ್ಷರದಲ್ಲಿ ಕುಳಿತಿದ್ದುದು ಮಾತ್ರ ನಿಜ. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರಕಾರರಿಗೆ ದೊಡ್ಡ ಆಕರ.

ಕಡತದ ದೊಡ್ಡ ಗುಣವೂ ದೊಡ್ಡ ದೋಷವೂ ಒಂದೇ. ಬರೆದುದನ್ನು ಅಳಿಸಬಹುದು, ಮತ್ತೆ ಮಸಿ ಬಳಿದು ಹೊಸದಾಗಿ ಬರೆಯಬಹುದು. ಲೆಕ್ಕ ಚುಕ್ತಾ ಆದ ದಿನ ಗಿರಾಕಿಯ ಎದುರಿಗೇ ಬಟ್ಟೆಯಿಂದ ಒರೆಸಿಬಿಟ್ಟರೆ ಎಲ್ಲರಿಗೂ ನೆಮ್ಮದಿ. ಆದರೆ ಬಳಪ ಇರುವುದು ಒಬ್ಬನ ಕೈಯಲ್ಲಿ. ಒರೆಸಬೇಕಾದುದನ್ನು ಒರೆಸದೆ, ಒರೆಸಬಾರದುದನ್ನು ಒರೆಸಿದರೆ ಓದು ಬಾರದ ಗಿರಾಕಿ ಮಾಡುವುದೇನು?

ಇದು ಬರಿಯ ಕಲ್ಪನೆಯ ಭಯವಲ್ಲವೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ೧೮೭೫ರ ಮೇ ೧೨ರಂದು ಪುಣೆ ಜಿಲ್ಲೆಯ ಸುಪೆ ಎಂಬಲ್ಲಿ ರೈತರು ಸಾಹುಕಾರರ ಅಂಗಡಿ ಮನೆಗಳಿಗೆ ನುಗ್ಗಿದರು. ಅವರಿಗೆ ಬೇಕಾಗಿದ್ದುದು ಮುಖ್ಯವಾಗಿ ಸಾಲಪತ್ರಗಳೂ ಲೆಕ್ಕದ ವಹಿಗಳೂ. ಸಿಕ್ಕಿದುವನ್ನು ಬೀದಿಯಲ್ಲಿ ಸುಟ್ಟರು. ಗಲಭೆ ಸುತ್ತಲ ಹಳ್ಳಿಗಳಿಗೂ ಹಬ್ಬಿತು. ತನ್ನ ಹೆಸರನ್ನು ಪರರ ಪುಸ್ತಕದಿಂದ ಅಳಿಸಲು ಬೇರೆ ದಾರಿ ಕಾಣದವರು ಕೊನೆಗೆ ಬೆಂಕಿಯನ್ನೇ ಹುಡುಕಿದರು. ಇದರ ಫಲವಾಗಿ ೧೮೭೯ರಲ್ಲಿ ಡೆಕ್ಕನ್ ರೈತರ ಪರಿಹಾರದ ಕಾನೂನು ಬಂದಿತು. ಬಡ್ಡಿ, ಜಪ್ತಿಗಳ ವಿಷಯಕ್ಕೆಂದೇ ಅದನ್ನು ನೆನೆಯುವುದು ವಾಡಿಕೆ. ನನಗೆ ಅದರಲ್ಲಿ ಮುಖ್ಯವೆನಿಸುವುದು ಬೇರೊಂದು ಸಣ್ಣ ಭಾಗ: ಹಣ ಕಟ್ಟಿದ ರೈತನಿಗೆ ರಸೀದಿ ಕೇಳುವ ಹಕ್ಕು, ವರ್ಷಕ್ಕೊಮ್ಮೆ ಲೆಕ್ಕದ ತಃಖ್ತೆ ಕೇಳುವ ಹಕ್ಕು, ತನ್ನದೇ ಒಂದು ಪಾಸ್ ಪುಸ್ತಕದಲ್ಲಿ ಲೆಕ್ಕ ಬರೆಸಿಕೊಳ್ಳುವ ಹಕ್ಕು. ಪುಸ್ತಕದ ಒಂದು ಪ್ರತಿ ಗಿರಾಕಿಯ ಕೈಗೂ ಬರಬೇಕೆಂಬ ಮಾತು ಇದು. ಮೈಸೂರು ಸಂಸ್ಥಾನದಲ್ಲಿ ರೈತರ ಋಣಪರಿಹಾರದ ಕಾನೂನು ಆದುದು ೧೯೨೮ರಲ್ಲಿ. ಅದೇ ವರ್ಷ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನವೂ ಮನೆಬಾಗಿಲಿಗೆ ಬಂದು ಚಿಲ್ಲರೆ ಕಾಸು ಪಡೆದು ಬರೆದುಕೊಡುವ ಪದ್ಧತಿಯನ್ನು ತಂದಿತು. ಎರಡೂ ಒಂದೇ ವರ್ಷ ಬಂದುದು ಕಾಕತಾಳೀಯವಾದರೂ ನೆನಪಿಡಲು ಸುಲಭ.

ದೊಡ್ಡ ವ್ಯಾಪಾರಿಗಳ ನಡೆ ಬೇರೆಯಾಗಿದ್ದಿತು. ದಾವಣಗೆರೆ ಹೈದರಾಲಿಯ ಕಾಲದಲ್ಲಿ ಅಪ್ಪಾಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಸಿಕ್ಕಿ, ಅವನು ವರ್ತಕರನ್ನು ಕರೆದು ನೆಲೆಗೊಳಿಸಿದ ಮೇಲೆ ಬೆಳೆದ ಪೇಟೆ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ಘಟ್ಟದ ಕೆಳಗಿನ ವಾಲಾಜಾಪೇಟೆಯ ತನಕ ಹೋಗುತ್ತಿದ್ದವೆಂದು ರೈಸ್ ಸಾಹೇಬರ ಗೆಜೆಟಿಯರು ಹೇಳುತ್ತದೆ. ಅಷ್ಟು ದೂರ ಚೀಲದಲ್ಲಿ ನಾಣ್ಯ ಹೊತ್ತು ತಿರುಗುವುದು ಕಳ್ಳರಿಗೆ ಔತಣ ಕೊಟ್ಟಂತೆ. ಭಾರತದ ವರ್ತಕಲೋಕ ಇದಕ್ಕೆ ಕಂಡುಕೊಂಡ ಉಪಾಯ ಹುಂಡಿ. ಇಲ್ಲಿನ ಸಾಹುಕಾರ ಒಂದು ಚೀಟಿ ಬರೆದುಕೊಟ್ಟರೆ ಅಲ್ಲಿನ ಸಾಹುಕಾರ ಹಣ ಎಣಿಸುತ್ತಿದ್ದ. ಕಂಡ ಕೂಡಲೇ ಹಣ ಕೊಡುವುದು ದರ್ಶನಿ, ಗಡುವು ಕಳೆದ ಮೇಲೆ ಕೊಡುವುದು ಮುದ್ದತಿ. ಶಾಹಜೋಗ್ ಎಂಬ ಇನ್ನೊಂದು ಬಗೆಯಲ್ಲಿ ಪೇಟೆ ಬಲ್ಲ ಮರ್ಯಾದಸ್ಥ ವರ್ತಕನಿಗೆ ಹೊರತು ಬೇರಾರಿಗೂ ಹಣ ಸಲ್ಲದು; ಕದ್ದವನು ತಂದು ತೋರಿಸಿದರೆ ಪ್ರಯೋಜನವಿಲ್ಲ. ಕಳೆದುಹೋದರೆ ಪೈಠ್ ಎಂಬ ಎರಡನೆಯ ಪ್ರತಿ, ಅದೂ ಹೋದರೆ ಪರಪೈಠ್. ಹಣ ಸಂದ ಮೇಲೆ ಹುಂಡಿ ಖೋಖಾ ಆಗುತ್ತಿತ್ತು, ಎಂದರೆ ಬರಿಯ ಟೊಳ್ಳು. ಈ ಶಾಹಜೋಗ್ ಹುಂಡಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕಾರ್ಡಿನ ಹುಟ್ಟು ಅಮೆರಿಕದಲ್ಲಿ. ಅಲ್ಲಿನ ದೊಡ್ಡ ಮಳಿಗೆಗಳು ೧೯೩೦ರ ದಶಕದಿಂದ ಚಾರ್ಗ-ಪ್ಲೇಟ್ ಎಂಬ ಪುಟ್ಟ ಲೋಹದ ತಗಡನ್ನು ಬಳಸುತ್ತಿದ್ದವು. ಗಿರಾಕಿಯ ಹೆಸರು, ಊರು ಅದರ ಮೇಲೆ ಉಬ್ಬಕ್ಷರದಲ್ಲಿ. ಕಾಗದದ ಮೇಲೆ ಒತ್ತಿದರೆ ಅಚ್ಚು ಮೂಡುತ್ತಿತ್ತು. ಸ್ವಾರಸ್ಯವೇನೆಂದರೆ, ಕೆಲವು ಮಳಿಗೆಗಳಲ್ಲಿ ಆ ತಗಡು ಗಿರಾಕಿಯ ಜೇಬಿನಲ್ಲಿರದೆ ಅಂಗಡಿಯಲ್ಲೇ ಇರುತ್ತಿತ್ತು. ಗಿರಾಕಿ ಬಂದಾಗ ಗುಮಾಸ್ತ ಹುಡುಕಿ ತೆಗೆದು ಅಚ್ಚೊತ್ತಿ ಮತ್ತೆ ಅದರ ಗೂಡಿಗೆ ಸೇರಿಸುತ್ತಿದ್ದ. ಇಂದು "ಉಳಿಸಿದ ಕಾರ್ಡು" ಎಂದು ನಾವು ಕರೆಯುವುದರ ಅಜ್ಜ ಇವನೇ. ೧೯೫೦ರಲ್ಲಿ ಡೈನರ್ಸ್ ಕ್ಲಬ್, ೧೯೫೮ರಲ್ಲಿ ಕ್ಯಾಲಿಫೋರ್ನಿಯದ ಫ್ರೆಸ್ನೋ ಪಟ್ಟಣದಲ್ಲಿ ಬ್ಯಾಂಕ್ ಆಫ್ ಅಮೆರಿಕದ ಕಾರ್ಡು ಬಂದ ಮೇಲೆ ಒಂದೇ ಕಾರ್ಡು ನೂರು ಅಂಗಡಿಗಳಲ್ಲಿ ಸಲ್ಲತೊಡಗಿತು. ಆಗ ಕಾರ್ಡು ಗಿರಾಕಿಯ ಜೇಬಿಗೆ ಬಂದಿತು. ಮತ್ತೆ ಅದು ಅಂಗಡಿಯ ಗೂಡಿಗೆ ಮರಳಿದುದು ಇಂಟರ್‌ನೆಟ್ಟಿನ ಕಾಲದಲ್ಲಿ. ಒಂದೇ ಒತ್ತಿಗೆ ಖರೀದಿ ಮುಗಿಯುವ ವಿಧಾನಕ್ಕೆ ಅಮೆಜಾನ್ ಸಂಸ್ಥೆ ೧೯೯೭ರಲ್ಲಿ ಅರ್ಜಿ ಹಾಕಿ ೧೯೯೯ರಲ್ಲಿ ಪೇಟೆಂಟ್ ಪಡೆಯಿತು. ಗಿರಾಕಿಯ ವಿಳಾಸವೂ ಕಾರ್ಡಿನ ಅಂಕಿಗಳೂ ಅಂಗಡಿಯ ಬಳಿ ಮೊದಲೇ ಇದ್ದರೆ ಮಾತ್ರ ಆ ಒಂದು ಒತ್ತು ಸಾಧ್ಯ.

ಭಾರತದಲ್ಲಿ ಬ್ಯಾಂಕೊಂದು ತನ್ನ ಕ್ರೆಡಿಟ್ ಕಾರ್ಡನ್ನು ಹೊರಡಿಸಿದುದು ೧೯೮೦ರಲ್ಲಿ. ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಈ ಕೆಲಸ ಮಾಡಿತು. ಅದು ನಗರದ ಮಾತು. ಬಿಳಿಚೋಡಿನಂಥ ಒಕ್ಕಲುತನದ ಊರಿಗೆ ಕಾರ್ಡೆಂಬ ಶಬ್ದ ಮುಟ್ಟಿದ್ದು ೧೯೯೮ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡಿನ ಮೂಲಕವೆನ್ನಬೇಕು. ೨೦೧೪ರ ಆಗಸ್ಟಿನಲ್ಲಿ ಜನಧನ ಯೋಜನೆ ಬಂದ ಮೇಲೆ ರುಪೇ ಕಾರ್ಡು ಮನೆಮನೆಗೆ ಬಂದಿತು. ಈ ನಡುವೆ ೨೦೦೭ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಮೊದಲಾದ ಫ್ಲಿಪ್‌ಕಾರ್ಟ್, ಜನ ಕಾರ್ಡಿನ ಅಂಕಿ ಕೊಡಲು ಅಂಜುತ್ತಾರೆಂಬುದನ್ನು ಕಂಡು, ೨೦೧೦ರಲ್ಲಿ ಸಾಮಾನು ಕೈಗೆ ಬಂದ ಮೇಲೆ ಹಣ ಕೊಡುವ ಏರ್ಪಾಟನ್ನು ತಂದಿತು. "ಇಂದು ನಗದು, ನಾಳೆ ಉದ್ರಿ" ಎಂಬ ಹಲಗೆಯನ್ನು ಅಂಗಡಿಯವನು ನೇತುಹಾಕುವುದುಂಟು. ಇಲ್ಲಿ ಗಿರಾಕಿಯೇ ಆ ಹಲಗೆ ನೇತುಹಾಕಿದಂತಾಯಿತು. ಈಗಲಂತೂ ೨೦೧೬ರಲ್ಲಿ ಬಂದ ಯುಪಿಐ ಹಳ್ಳಿಯ ಚಹದಂಗಡಿಯನ್ನೂ ಹೊಕ್ಕಿರುವುದರಿಂದ ಕಾರ್ಡಿನ ಗೊಡವೆಯಿಲ್ಲದೆಯೇ ವ್ಯಾಪಾರ ನಡೆಯುತ್ತದೆ. ಆದರೂ ಕಾರ್ಡನ್ನು ಒಮ್ಮೆ ಅಂಗಡಿಯಲ್ಲಿ ಬಿಟ್ಟು ಮರೆತವರು ಬೇಕಾದಷ್ಟು ಮಂದಿ.

ಅಂಜಿದವರು ದಡ್ಡರೇನಲ್ಲ. ೨೦೦೭ರಲ್ಲಿ ಅಮೆರಿಕದ ಟಿಜೆಎಕ್ಸ್ ಎಂಬ ಮಳಿಗೆಗಳ ಸಮೂಹ, ತನ್ನ ಯಂತ್ರಗಳಲ್ಲಿ ಕೂಡಿಟ್ಟಿದ್ದ ಕನಿಷ್ಠ ೪ ಕೋಟಿ ೫೭ ಲಕ್ಷ ಕಾರ್ಡುಗಳ ವಿವರ ಕಳವಾಗಿದೆಯೆಂದು ಒಪ್ಪಿಕೊಂಡಿತು. ನಮ್ಮಲ್ಲಿ ೨೦೧೬ರ ಅಕ್ಟೋಬರಿನಲ್ಲಿ ಸುಮಾರು ೩೨ ಲಕ್ಷ ಡೆಬಿಟ್ ಕಾರ್ಡುಗಳ ಮೇಲೆ ಸಂಶಯ ಬಂದು ಬ್ಯಾಂಕುಗಳು ಗಾಬರಿಗೊಂಡವು. ಅದು ಅಂಗಡಿಗಳ ಕಡತದಿಂದಲ್ಲ, ಎಟಿಎಂ ಜಾಲದಿಂದ ಆದ ಸೋರಿಕೆ. ರಿಸರ್ವ್ ಬ್ಯಾಂಕು ಇದಕ್ಕೆ ಮೊದಲೇ, ೨೦೦೯ರ ಆಗಸ್ಟಿನಿಂದ, ಅಂತರಜಾಲದ ಕಾರ್ಡು ಖರೀದಿಗೆ ಎರಡನೆಯ ಗುರುತನ್ನು ಕಡ್ಡಾಯ ಮಾಡಿದ್ದಿತು. ಫೋನಿಗೆ ಬರುವ ಒಟಿಪಿ ಬೆಳೆದುದು ಆ ಬೇರಿನಿಂದ. ಆದರೆ ಹೊರದೇಶದ ಅಂಗಡಿಗಳೆಲ್ಲ ಈ ಎರಡನೆಯ ಗುರುತನ್ನು ಕೇಳುವುದಿಲ್ಲ. ಆದುದರಿಂದ ಅಂಕಿಗಳು ಸೋರಿದರೆ ಅಪಾಯ ಉಳಿದೇ ಇದ್ದಿತು.

೨೦೨೦ರ ಮಾರ್ಚ್ ೧೭ರಂದು ರಿಸರ್ವ್ ಬ್ಯಾಂಕು ಬಳಪವನ್ನೇ ಕಿತ್ತುಕೊಂಡಿತು: ಅಂಗಡಿಗಳು ಕಾರ್ಡಿನ ಅಂಕಿಗಳನ್ನು ಇಟ್ಟುಕೊಳ್ಳಕೂಡದು. ವರ್ತಕರು ಗೋಗರೆದರು, ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ಕೊನೆಗೆ ೨೦೨೨ರ ಅಕ್ಟೋಬರ್ ೧ರಿಂದ ಆಜ್ಞೆ ಜಾರಿಗೆ ಬಂದಿತು. ಅಂದಿನಿಂದ ಕಾರ್ಡು ಕೊಟ್ಟ ಬ್ಯಾಂಕು ಮತ್ತು ಕಾರ್ಡಿನ ಜಾಲದವರನ್ನು ಬಿಟ್ಟು ಉಳಿದವರು ಇಟ್ಟುಕೊಳ್ಳಬಹುದಾದುದು ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರು, ಅಷ್ಟೇ. ಹಾಗಾದರೆ "ಕಾರ್ಡು ಉಳಿಸಲೇ" ಎಂಬ ಪ್ರಶ್ನೆ ಇನ್ನೂ ಬರುವುದೇಕೆ? ಈಗ ಉಳಿಯುವುದು ಕಾರ್ಡಲ್ಲ, ಟೋಕನ್. ೨೦೨೧ರ ಸೆಪ್ಟೆಂಬರಿನಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ನಿಜವಾದ ಅಂಕಿಗೆ ಬದಲಾಗಿ ಬೇರೊಂದು ಸಂಖ್ಯೆ ಹುಟ್ಟುತ್ತದೆ. ಅದು ಆ ಕಾರ್ಡಿಗೆ, ಆ ಅಂಗಡಿಗೆ ಮಾತ್ರ ಸಲ್ಲುತ್ತದೆ. ಕದ್ದು ಬೇರೊಂದು ಅಂಗಡಿಗೆ ಒಯ್ದರೆ ಅದು ಖೋಖಾ. ನಮ್ಮ ಹಳೆಯ ಶಾಹಜೋಗ್ ಹುಂಡಿಯೇ ಹೊಸ ವೇಷ ತೊಟ್ಟು ಬಂದಿದೆಯೆಂದು ಹೇಳಿದರೆ ತುಸು ಅತಿಶಯವಾದೀತು, ಪೂರ್ತಿ ಸುಳ್ಳಾಗದು.

ಇನ್ನೂ ಒಂದು ಅಂಶವಿದೆ. ೧೮೭೯ರ ಪಾಸ್ ಪುಸ್ತಕವನ್ನು ನೆನೆಸುವವರಿಗೆ ಅದು ಸಂತೋಷ ಕೊಡುತ್ತದೆ. ಗಿರಾಕಿ ತಾನಾಗಿ ಒಪ್ಪಿ, ಒಟಿಪಿಯಂಥ ಗುರುತು ಕೊಟ್ಟ ಮೇಲೆಯೇ ಟೋಕನ್ ಮಾಡಬೇಕು. ಮೊದಲೇ ಗೀಟು ಹಾಕಿದ ಚೌಕ ತೋರಿಸಿ ಒಪ್ಪಿಗೆಯೆಂದು ಹೇಳಕೂಡದು. ಇದಕ್ಕೆ ಶುಲ್ಕವಿಲ್ಲ. ಬೇಡವಾದಾಗ ತೆಗೆದುಹಾಕುವ ದಾರಿಯನ್ನು ಅಂಗಡಿಯೂ ಇಟ್ಟಿರಬೇಕು. ಸಾಮಾನ್ಯವಾಗಿ ಅದು ಖಾತೆಯ ಒಳಗೆ ಹಣಪಾವತಿಯ ಭಾಗದಲ್ಲಿ, ಕೊನೆಯ ನಾಲ್ಕು ಅಂಕಿಗಳ ಪಕ್ಕದಲ್ಲಿರುತ್ತದೆ. ಒಂದು ಮಾತು: ಆ್ಯಪನ್ನೇ ಫೋನಿನಿಂದ ಕಿತ್ತುಹಾಕಿದರೆ ಟೋಕನ್ ಅಳಿಯುವುದಿಲ್ಲ. ಅಂಗಡಿಗೆ ಹೋಗುವುದನ್ನು ಬಿಟ್ಟಮಾತ್ರಕ್ಕೆ ಸೆಟ್ಟಿಯ ಕಡತದಲ್ಲಿನ ಹೆಸರು ಅಳಿಯುತ್ತಿತ್ತೇ? ಹಳೆಯ ಕಾರ್ಡಿನ ಬದಲು ಹೊಸದು ಬಂದರೆ, ಮೊದಲಿನ ಅಂಗಡಿಗಳಿಗೆ ಅದನ್ನು ಜೋಡಿಸಲೇ ಎಂದು ಬ್ಯಾಂಕು ಸ್ಪಷ್ಟವಾಗಿ ಕೇಳಬೇಕು.

ಅಂಗಡಿಯ ಬಾಗಿಲಿಗೆ ಹೋಗದೆಯೂ ಅಳಿಸಬಹುದು. ಯಾವ ಯಾವ ಅಂಗಡಿಯಲ್ಲಿ ನನ್ನ ಕಾರ್ಡಿನ ಟೋಕನ್ ಇದೆಯೆಂಬ ಪಟ್ಟಿಯನ್ನು ಬ್ಯಾಂಕು ತೋರಿಸಬೇಕು, ಬೇಡವೆಂದುದನ್ನು ರದ್ದುಮಾಡಬೇಕು. ೨೦೨೩ರ ಡಿಸೆಂಬರಿನಿಂದ ಟೋಕನ್ ಮಾಡಿಸುವುದನ್ನೂ ಬ್ಯಾಂಕಿನ ಮೂಲಕವೇ ನಡೆಸಲು ಅವಕಾಶವಾಗಿದೆ. ಆ್ಯಪ್ ಅರಿಯದವರು, ಇಂಗ್ಲಿಷ್ ಓದಲು ಬಾರದವರು ಬ್ಯಾಂಕಿನ ಶಾಖೆಯಲ್ಲಿ ಆ ಪಟ್ಟಿ ಸಿಗುವುದೇ ಎಂದು ವಿಚಾರಿಸಿ ನೋಡಬಹುದು; ನಿಯಮ ಹೇಳುವ ದಾರಿಗಳಲ್ಲಿ ಶಾಖೆಯೂ ಒಂದು, ಆದರೆ ಪ್ರತಿ ಬ್ಯಾಂಕೂ ಆ ದಾರಿಯನ್ನೇ ಇಟ್ಟಿರಬೇಕೆಂದಿಲ್ಲ.