ಸಹಭಾಗಿಗಳು ಕರೆತರುವ ಗ್ರಾಹಕರು: ಅಂತರ್ಜಾಲ ವ್ಯಾಪಾರದ ಕಮಿಷನ್ ಲೆಕ್ಕ

ಪ್ರವಾಸಿಗರನ್ನು ರೇಷ್ಮೆ ಸೀರೆಯ ಮಳಿಗೆಗೆ ಕರೆತಂದ ಆಟೋ ಚಾಲಕನಿಗೆ ಕಮಿಷನ್ ಸಲ್ಲುವುದು ಮೈಸೂರಿನಂತಹ ನಗರಗಳಲ್ಲಿ ಹೊಸದೇನಲ್ಲ. ಅಂತರ್ಜಾಲದಲ್ಲಿ ಇದೇ ಪದ್ಧತಿಗೆ ‘ಅಫಿಲಿಯೇಟ್ ಮಾರ್ಕೆಟಿಂಗ್’ ಎಂಬ ಹೆಸರಿದೆ. ಬೇರೊಂದು ಜಾಲತಾಣದವರೋ ಯೂಟ್ಯೂಬ್ ವಾಹಿನಿಯವರೋ ವ್ಯಾಪಾರಿಯ ಸರಕಿಗೆ ಕೊಂಡಿ ನೀಡುತ್ತಾರೆ. ಆ ಕೊಂಡಿಯ ಮೂಲಕ ಬಂದ ಗ್ರಾಹಕ ಖರೀದಿಸಿದರೆ ಅವರಿಗೆ ಪಾಲು ದೊರೆಯುತ್ತದೆ. ಜಾಹೀರಾತಿಗೆ ಮುಂಗಡವಾಗಿ ಹಣ ಸುರಿಯಲಾಗದ ಸಣ್ಣ ವ್ಯಾಪಾರಿಗೆ ಇದು ಅನುಕೂಲಕರ. ಆದರೆ ಗ್ರಾಹಕನನ್ನು ನಿಜವಾಗಿ ಕರೆತಂದವರು ಯಾರು ಎಂಬ ಪ್ರಶ್ನೆಯ ಮೇಲೆಯೇ ಇಡೀ ವ್ಯವಹಾರ ನಿಂತಿದೆ.

ಹುಟ್ಟು ಮತ್ತು ಬೆಳವಣಿಗೆ

ಅಮೆರಿಕದ ಸಂಗೀತ ಮಾರಾಟ ತಾಣ ಸಿಡಿನೌ 1994ರಲ್ಲಿಯೇ ಇಂತಹ ಯೋಜನೆ ಆರಂಭಿಸಿತ್ತು. 1996ರ ಜುಲೈನಲ್ಲಿ ಅಮೆಜಾನ್ ‘ಅಸೋಸಿಯೇಟ್ಸ್’ ಯೋಜನೆಯನ್ನು ಜಾರಿಗೆ ತಂದ ಮೇಲೆ ಈ ಪದ್ಧತಿ ವ್ಯಾಪಕವಾಯಿತು. ಪುಸ್ತಕ ವಿಮರ್ಶೆ ಬರೆಯುವ ಸಾಮಾನ್ಯರೂ ಮಾರಾಟದಲ್ಲಿ ಪಾಲು ಪಡೆಯಲು ಸಾಧ್ಯವಾಯಿತು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಸಹ ಮುಂದೆ ಇದೇ ಹಾದಿ ಹಿಡಿಯಿತು.

ಲೆಕ್ಕ ನಡೆಯುವ ಬಗೆ

ಪ್ರತಿಯೊಬ್ಬ ಸಹಭಾಗಿಗೂ ಒಂದು ಗುರುತು ನೀಡಿ, ಅದನ್ನು ಕೊಂಡಿಯಲ್ಲಿಯೇ ಸೇರಿಸಲಾಗುತ್ತದೆ. ಗ್ರಾಹಕ ಕೊಂಡಿಯನ್ನು ಒತ್ತಿದಾಗ ಅವನ ಬ್ರೌಸರ್‌ನಲ್ಲಿ ‘ಕುಕಿ’ ಎಂಬ ಪುಟ್ಟ ಕಡತ ಉಳಿಯುತ್ತದೆ. ನಿಗದಿತ ಅವಧಿಯೊಳಗೆ ಖರೀದಿ ನಡೆದರೆ ಕಮಿಷನ್ ಸಹಭಾಗಿಯ ಖಾತೆಗೆ ಸೇರುತ್ತದೆ. ಅಮೆಜಾನ್‌ನಲ್ಲಿ ಸಾಮಾನ್ಯವಾಗಿ ಈ ಅವಧಿ 24 ಗಂಟೆಗಳು.

ಉದಾಹರಣೆಗೆ, ಸಹಭಾಗಿಯೊಬ್ಬರಿಂದ ತಲಾ 1,000 ರೂಪಾಯಿಯ 100 ಮಾರಾಟಗಳಾದವು ಎನ್ನೋಣ. ಶೇ. 5ರ ದರದಲ್ಲಿ ಕಮಿಷನ್ 5,000 ರೂಪಾಯಿ. ಅವುಗಳಲ್ಲಿ 20 ಸರಕುಗಳು ಹಿಂತಿರುಗಿದರೆ ಸಲ್ಲಬೇಕಾದುದು 4,000 ರೂಪಾಯಿ ಮಾತ್ರ. ಸರಕು ಹಿಂತಿರುಗಿಸುವ ಅವಧಿ ಮುಗಿದ ನಂತರವೇ ಹಣ ಪಾವತಿಸುವ ನಿಯಮಕ್ಕೆ ಇದೇ ಕಾರಣ.

ವ್ಯಾಪಾರಿಗೆ ಎಚ್ಚರಿಕೆ

ಬಹುತೇಕ ಯೋಜನೆಗಳಲ್ಲಿ ಕೊನೆಯ ಕೊಂಡಿಯ ಒಡೆಯನಿಗೆ ಪೂರ್ಣ ಪಾಲು ಸಲ್ಲುತ್ತದೆ. ವಾರಗಟ್ಟಲೆ ಪರೀಕ್ಷಿಸಿ ವಿಮರ್ಶೆ ಬರೆದವರನ್ನು ಬಿಟ್ಟು, ಹಣ ಪಾವತಿಯ ಕೊನೆಯ ಕ್ಷಣದಲ್ಲಿ ರಿಯಾಯಿತಿ ಕೂಪನ್ ತೋರಿಸಿದ ತಾಣಕ್ಕೆ ಕಮಿಷನ್ ಹೋಗುವುದುಂಟು. ಅಂತಹ ಗ್ರಾಹಕ ಹೇಗೂ ಖರೀದಿಸುವವನೇ ಆಗಿದ್ದರೆ ವ್ಯಾಪಾರಿಗೆ ರಿಯಾಯಿತಿಯೂ ಕಮಿಷನ್ನೂ ಸೇರಿ ಇಮ್ಮಡಿ ನಷ್ಟ.

ಗ್ರಾಹಕನ ಅರಿವಿಗೇ ಬಾರದಂತೆ ಕುಕಿ ಸೇರಿಸುವುದು ನೇರ ವಂಚನೆ. ಈ ಆರೋಪದ ಮೇಲೆ ಇಬೇ ಸಂಸ್ಥೆಯು ಅಮೆರಿಕದಲ್ಲಿ ತನ್ನದೇ ದೊಡ್ಡ ಸಹಭಾಗಿಗಳ ವಿರುದ್ಧ 2008ರಲ್ಲಿ ದಾವೆ ಹೂಡಿತು. ಮುಂದೆ ಕ್ರಿಮಿನಲ್ ಮೊಕದ್ದಮೆಯೂ ನಡೆದು, 2014ರಲ್ಲಿ ಇಬ್ಬರಿಗೆ ಸೆರೆವಾಸದ ಶಿಕ್ಷೆಯಾಯಿತು. ಆದ್ದರಿಂದ ಸಹಭಾಗಿಗಳ ಸಂಖ್ಯೆಗಿಂತ ಅವರು ತಂದ ಹೊಸ ಗ್ರಾಹಕರ ಸಂಖ್ಯೆಯನ್ನು ಗಮನಿಸುವುದು ಲೇಸು. ಹಳೆಯ ಗ್ರಾಹಕರ ಖರೀದಿಗೆ ಕಡಿಮೆ ದರ, ಹೊಸಬರ ಖರೀದಿಗೆ ಹೆಚ್ಚಿನ ದರ ನಿಗದಿಪಡಿಸುವ ಕ್ರಮವೂ ಇದೆ.

ಸಹಭಾಗಿಗೂ ಅಪಾಯವಿದೆ

ದರ ನಿರ್ಧರಿಸುವ ಅಧಿಕಾರ ವ್ಯಾಪಾರಿಯದೇ. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ಕಮಿಷನ್ನನ್ನು ಶೇ. 8ರಿಂದ 3ಕ್ಕೆ, ದಿನಸಿಯದನ್ನು ಶೇ. 5ರಿಂದ 1ಕ್ಕೆ ಇಳಿಸಿತು. ಒಂದೇ ಅಂಗಡಿಯನ್ನು ನೆಚ್ಚಿಕೊಂಡಿದ್ದವರ ಆದಾಯಕ್ಕೆ ದೊಡ್ಡ ಪೆಟ್ಟು ಬಿದ್ದಿತು. ಓದುಗರ ಬಳಗವನ್ನು ತನ್ನದಾಗಿಸಿಕೊಂಡು, ಹಲವು ವ್ಯಾಪಾರಿಗಳೊಡನೆ ಸಂಬಂಧ ಹೊಂದಿರುವವನೇ ಇಂತಹ ಸಂದರ್ಭದಲ್ಲಿ ಸುರಕ್ಷಿತ.

ಗ್ರಾಹಕನ ಹಕ್ಕು

ಸಲಹೆಯ ಹಿಂದೆ ಕಮಿಷನ್ ಇದೆಯೇ ಎಂದು ತಿಳಿಯುವ ಹಕ್ಕು ಗ್ರಾಹಕನಿಗಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಸರಕನ್ನು ಹೊಗಳುವವರು ವ್ಯಾಪಾರಿಯೊಡನೆ ತಮಗಿರುವ ಸಂಬಂಧವನ್ನು ಸ್ಪಷ್ಟವಾಗಿ ತಿಳಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ 10 ಲಕ್ಷ ರೂಪಾಯಿಯವರೆಗೆ, ಪುನರಾವರ್ತನೆಯಾದರೆ 50 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ.

‘ಈ ಕೊಂಡಿಯಿಂದ ಖರೀದಿಸಿದರೆ ನಮಗೆ ಕಮಿಷನ್ ದೊರೆಯುತ್ತದೆ’ ಎಂಬ ಒಂದು ಸಾಲು ಬರೆಯಲು ಖರ್ಚೇನೂ ಇಲ್ಲ. ಅದನ್ನು ಮುಚ್ಚಿಟ್ಟು ಗಳಿಸಿದ ಕಮಿಷನ್ ಒಂದು ಮಾರಾಟಕ್ಕೆ ಮುಗಿಯುತ್ತದೆ. ಕಳೆದುಕೊಂಡ ನಂಬಿಕೆ ಮಾತ್ರ ಮರಳುವುದಿಲ್ಲ. ಆ ನಂಬಿಕೆ ಉಳಿದರಷ್ಟೇ ಗ್ರಾಹಕ ಮತ್ತೆ ಬರುತ್ತಾನೆ, ವ್ಯಾಪಾರವೂ ಬೆಳೆಯುತ್ತದೆ.