ತಂತಿ ಕೆಟ್ಟದ್ದು ಯಾವ ಕಡೆ?



ಕೊಯಮತ್ತೂರಿನ ಗಾಂಧಿಪುರಂನಿಂದ ಸತ್ಯಮಂಗಲ, ಬಣ್ಣಾರಿ, ದಿಂಬಂ ಹಾದು ಚಾಮರಾಜನಗರ, ಮೈಸೂರು ಕಡೆಗೆ ಹೋಗುವ ಬಸ್ಸು ನಮಗೆಲ್ಲ ಗೊತ್ತಿರುವುದೇ. ಒಂದು ದಿನ ಆ ಬಸ್ಸು ಮೈಸೂರು ತಲುಪಲಿಲ್ಲ ಎಂದುಕೊಳ್ಳಿ. ದಾರಿ ಎಲ್ಲಿ ಕಟ್ಟಿದೆ? ಒಂದು ಖಾಲಿ ಬಸ್ಸನ್ನು ಕಳಿಸಿ, ಸತ್ಯಮಂಗಲದಲ್ಲೇ ತಿರುಗಿಸಿಕೊಂಡು ಬಾ ಎನ್ನಬೇಕು. ಬಂದರೆ ಅಲ್ಲಿಯವರೆಗೆ ದಾರಿ ಸರಿ. ಮುಂದಿನ ಸಲ ಬಣ್ಣಾರಿಯಲ್ಲಿ ತಿರುಗಿಸಿ, ಆಮೇಲೆ ದಿಂಬಂನಲ್ಲಿ. ಬಸ್ಸು ಯಾವ ತಿರುವಿನಿಂದ ವಾಪಸು ಬರಲಿಲ್ಲವೋ, ಮರ ಬಿದ್ದಿರುವುದು ಅದಕ್ಕೂ ಹಿಂದಿನ ಊರಿಗೂ ನಡುವೆ. ಕಂಪ್ಯೂಟರ್ ಲೈನು ಕೆಟ್ಟಾಗ ಇಂಜಿನಿಯರುಗಳು ಮಾಡುವ ಲೂಪ್‌ಬ್ಯಾಕ್ ಪರೀಕ್ಷೆ ಎಂದರೆ ಇಷ್ಟೇ.

ಇದು ಕಂಪ್ಯೂಟರ್ ಕಾಲದ ಉಪಾಯವಲ್ಲ, ತಂತಿ ಕಾಲದ್ದು. ನಮ್ಮ ದೇಶದಲ್ಲಿ ಡಾಕ್ಟರ್ ವಿಲಿಯಂ ಓಶಾನೆಸ್ಸಿ 1839ರಲ್ಲಿ ಕಲ್ಕತ್ತೆಯ ಹತ್ತಿರ ಪ್ರಯೋಗದ ತಂತಿ ಎಳೆದರು. 1855ರಲ್ಲಿ ತಂತಿ ಸೇವೆ ಸಾರ್ವಜನಿಕರಿಗೆ ತೆರೆಯಿತು. ಮದರಾಸು ಬೊಂಬಾಯಿಗಳ ನಡುವಿನ ತಂತಿ ಬೆಂಗಳೂರಿನ ಮೇಲೆಯೇ ಹಾದಿತ್ತು. ನೂರಾರು ಮೈಲಿಯ ತಂತಿ ಕಾಡಿನಲ್ಲೆಲ್ಲೋ ನೆಲಕ್ಕೆ ತಗುಲಿ ಕರೆಂಟು ಭೂಮಿಗೆ ಇಳಿದುಹೋದರೆ, ಕಂಬ ಕಂಬ ನೋಡುತ್ತ ನಡೆಯುವುದು ಎಷ್ಟು ದಿನದ ಕೆಲಸ!

1858ರಲ್ಲಿ ಅಟ್ಲಾಂಟಿಕ್ ಸಮುದ್ರದಡಿ ಹಾಕಿದ ಮೊದಲ ಕೇಬಲ್ಲು ಕೆಲವೇ ವಾರಗಳಲ್ಲಿ ಸತ್ತಿತು. ಅದನ್ನು ನೋಡಿಕೊಳ್ಳುತ್ತಿದ್ದ ವೈಟ್‌ಹೌಸ್ ಎಂಬಾತ, ಸಂಕೇತ ಸರಿಯಾಗಿ ಬರುತ್ತಿಲ್ಲವೆಂದು ಸುಮಾರು 2000 ವೋಲ್ಟು ಕೊಟ್ಟಿದ್ದ. ಎತ್ತು ಏಳದಿದ್ದರೆ ಇನ್ನೂ ಜೋರಾಗಿ ಹೊಡೆಯುವ ಬುದ್ಧಿ ಅದು. ಆಮೇಲೆ ವಿಚಾರಣೆ ನಡೆಯಿತು. ಅಳೆದು ನೋಡದೆ ಕೇಬಲ್ಲು ಹಾಕಬಾರದು ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ಮರ್ರೇ, ವಾರ್ಲಿ ಎಂಬುವರ ಹೆಸರಿನ ಲೂಪ್ ಪರೀಕ್ಷೆಗಳು ಬಳಕೆಗೆ ಬಂದದ್ದು ಆ ಕಾಲದಲ್ಲಿ. ದೂರದ ತುದಿಯಲ್ಲಿ ಕೆಟ್ಟ ತಂತಿಯನ್ನು ಒಂದು ಒಳ್ಳೆಯ ತಂತಿಗೆ ಗಂಟು ಹಾಕಬೇಕು. ಈ ತುದಿಯಲ್ಲಿ ಕೂತು ಎರಡು ರೋಧಗಳನ್ನು ಸರಿತೂಗಿಸಬೇಕು. ಉದಾಹರಣೆಗೆ ಲೈನು 40 ಕಿಲೋಮೀಟರ್, ಹೋಗಿಬರುವ ಸುತ್ತು 80. ಒಂದಕ್ಕೆ ಮೂರರಂತೆ ತೂಗಿದರೆ ಕೆಟ್ಟ ಜಾಗ 80ರ ಕಾಲು ಭಾಗ, ಅಂದರೆ ಇಲ್ಲಿಂದ 20ನೇ ಕಿಲೋಮೀಟರ್. ಲೈನ್‌ಮನ್ನನನ್ನು ನೇರ ಅಲ್ಲಿಗೇ ಕಳಿಸಬಹುದು. ಆದರೆ ತಂತಿ ಪೂರ್ತಿ ತುಂಡಾಗಿದ್ದರೆ ಈ ಲೆಕ್ಕ ನಡೆಯದು.

ಮುಂದೆ ತಂತಿಯ ಮೇಲೆ ಮಾತಿನ ಬದಲು ಅಂಕಿ ಓಡತೊಡಗಿತು. ಕಂಪ್ಯೂಟರಿನ ಸೊನ್ನೆ ಒಂದುಗಳನ್ನು ಟೆಲಿಫೋನ್ ಲೈನಿನಲ್ಲಿ ಸಾಗುವ ದನಿಯಾಗಿ ಮಾಡುವ ಪೆಟ್ಟಿಗೆಗೆ ಮೋಡೆಮ್ ಎಂದು ಹೆಸರು. ಅದರ ಮುಖದ ಮೇಲೆಯೇ ಲೂಪ್ ಗುಂಡಿಗಳು ಬಂದವು. ಜಿನೀವಾದ ಅಂತರರಾಷ್ಟ್ರೀಯ ಸಮಿತಿ ಈ ತಿರುವುಗಳಿಗೆ ಕ್ರಮಸಂಖ್ಯೆಯನ್ನೇ ಕೊಟ್ಟಿತು. ಒಂದು ಗುಂಡಿ ಒತ್ತಿದರೆ ನಮ್ಮ ಮೋಡೆಮ್ಮಿನಿಂದಲೇ ಅಂಕಿ ತಿರುಗಿ ಬರುತ್ತದೆ, ಇನ್ನೊಂದನ್ನು ಒತ್ತಿದರೆ ಆಚೆ ಊರಿನ ಮೋಡೆಮ್ಮಿನಿಂದ. ಮೊದಲನೆಯದು ಸರಿಬಂದು ಎರಡನೆಯದು ತಪ್ಪಿದರೆ ನಮ್ಮ ಪೆಟ್ಟಿಗೆಯ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು. ನೋಡಬೇಕಾದದ್ದು ಲೈನು, ಇಲ್ಲವೇ ಆಚೆ ಪೆಟ್ಟಿಗೆ.

ಗಡಿಯವರಾದ ನಮಗೆ ಇದರ ಬೆಲೆ ಬೇಗ ತಿಳಿಯುತ್ತದೆ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ರಾಜ್ಯಕ್ಕೆ ಸೇರಿತು; ತಾಳವಾಡಿ ಇತ್ತಲೇ ಉಳಿಯಿತು. ಗಡಿ ದಾಟುವ ಲೈನಿಗೆ ಎರಡು ತುದಿಯಲ್ಲಿ ಎರಡು ಕಚೇರಿ. ಇವರು ಅವರ ಕಡೆ ಕೈ ತೋರಿಸಬಹುದು, ಅವರು ಇವರ ಕಡೆ. ಲೂಪ್ ಹಾಕಿ ಎಣಿಸಿದ ಮೇಲೆ ಆ ಜಗಳಕ್ಕೆ ಜಾಗವಿಲ್ಲ.

ಎಣಿಸುವುದು ಏನನ್ನು? ತಪ್ಪುಗಳನ್ನು. ಲೈನು ಸತ್ತರೆ ಯಾರಿಗಾದರೂ ಗೊತ್ತಾಗುತ್ತದೆ. ಬದುಕಿದ್ದೂ ಸುಳ್ಳು ಹೇಳುವ ಲೈನೇ ಅಪಾಯ. ಕಂಪ್ಯೂಟರ್ ಸಂಕೇತದಲ್ಲಿ 3 ಎಂಬ ಅಂಕಿ 0110011. 7 ಎಂಬುದು 0110111. ನಡುವೆ ಒಂದೇ ಒಂದು ಬಿಟ್ಟಿನ ವ್ಯತ್ಯಾಸ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಬರುವ 300 ಡಜನ್ ಆರ್ಡರು, ಕಾವಲಿಲ್ಲದ ಲೈನಿನಲ್ಲಿ 700 ಡಜನ್ ಆಗಲು ಅಷ್ಟೇ ಸಾಕು. ಜೊತೆಗೊಂದು ಕಾವಲು ಬಿಟ್ಟನ್ನು ಕಳಿಸಿದರೆ ಒಂದು ತಪ್ಪು ಸಿಕ್ಕಿಬೀಳುತ್ತದೆ; ಒಟ್ಟಿಗೆ ಎರಡಾದರೆ ಅದೂ ಮೋಸಹೋಗುತ್ತದೆ.

ಅದಕ್ಕೇ 511 ಬಿಟ್ಟುಗಳ ಒಂದು ಗೊತ್ತಾದ ಸಾಲನ್ನು ಮತ್ತೆ ಮತ್ತೆ ಕಳಿಸಿ, ಬಂದದ್ದನ್ನು ಹೋಲಿಸಿ ತಪ್ಪು ಎಣಿಸುತ್ತಾರೆ. ಇಲ್ಲಿ ತಾಳ್ಮೆ ಬೇಕು. ಸೆಕೆಂಡಿಗೆ 9600 ಬಿಟ್ ಹೋಗುವ ಲೈನಿನಲ್ಲಿ ಹತ್ತು ಲಕ್ಷ ಬಿಟ್ ದಾಟಲು 104 ಸೆಕೆಂಡು. ಹತ್ತು ಲಕ್ಷಕ್ಕೆ ಒಂದೇ ತಪ್ಪು ಎಂದು ನಂಬಿಕೆಯಿಂದ ಹೇಳಲು ಒಂದು ಕೋಟಿಯಾದರೂ ಕಳಿಸಬೇಕು. ಅಂದರೆ ಹದಿನೇಳು ನಿಮಿಷ. ಮೂರು ನಿಮಿಷ ನೋಡಿ ‘ಲೈನು ಚೆನ್ನಾಗಿದೆ’ ಎಂದು ಸಹಿ ಹಾಕುವುದು ಪರೀಕ್ಷೆಯಲ್ಲ, ಉಪಚಾರ. ಕೊಯಮತ್ತೂರು ಸೀಮೆಗೆ ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರು ಮಳೆ. ಜಾಯಿಂಟಿಗೆ ನೀರಿಳಿದು ಕೆಡುವ ಕೇಬಲ್ಲು ಬೇಸಿಗೆಯ ಹಗಲಿನಲ್ಲಿ ಒಳ್ಳೆಯದಾಗಿಯೇ ಕಾಣುತ್ತದೆ. ಮಳೆಯ ರಾತ್ರಿಯಿಡೀ ಪರೀಕ್ಷೆ ಓಡಲು ಬಿಡುವವನೇ ಸರಿಯಾದ ಇಂಜಿನಿಯರು.

ಲೂಪ್‌ಬ್ಯಾಕಿಗೂ ಕುರುಡು ಜಾಗಗಳಿವೆ. ತಪ್ಪಾದದ್ದು ಹೋಗುವಾಗಲೋ ಬರುವಾಗಲೋ ಅದು ಹೇಳದು. ತಿರುಗಿ ಬರುವ ಅಂಕಿ ನಮ್ಮದೇ ಗಡಿಯಾರದ ತಾಳಕ್ಕೆ ನಡೆಯುವುದರಿಂದ, ಎರಡು ಊರಿನ ಯಂತ್ರಗಳ ಗಡಿಯಾರಗಳು ಹೊಂದದಿರುವ ದೋಷ ಮರೆಯಾಗಬಹುದು. ಆಗ ಎರಡು ತುದಿಯಲ್ಲೂ ಯಂತ್ರವಿಟ್ಟು ಒಂದೊಂದು ದಿಕ್ಕನ್ನೂ ಬೇರೆಯಾಗಿ ಎಣಿಸಬೇಕು.

1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ತನ್ನ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜನ್ನು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಚಾಲೂ ಮಾಡಿತು. ಅಂಕಿಯ ಯಂತ್ರ ಹಳ್ಳಿಗೆ ಬಂದಂತೆ, ಅಂಕಿಯನ್ನು ಎಣಿಸಿ ನೋಡುವ ಪರೀಕ್ಷೆಯೂ ದೊಡ್ಡ ಊರುಗಳಾಚೆ ಬೇಕಾಯಿತು. ಸರ್ಕಾರಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಗಾಜಿನ ಎಳೆಯ ಲೈನುಗಳಲ್ಲಿ ಇಂದಿಗೂ ಲೂಪ್ ಹಾಕಿ ತಪ್ಪು ಎಣಿಸುತ್ತಾರೆ. ಕೆಲಸ ಮುಗಿದ ಮೇಲೆ ಹಾಕಿದ ಲೂಪನ್ನು ತೆಗೆಯಲು ಮರೆತರೆ, ನಮ್ಮ ಮಾತೇ ನಮಗೆ ವಾಪಸು ಬರುತ್ತಾ ಲೈನು ಸರಿಯಿರುವಂತೆಯೇ ತೋರುತ್ತದೆ.